ಹಳೆ ಸೀರೆಯಲ್ಲಿ ಕೌದಿ ಹೊಲಿಯುವುದು: ಬಟ್ಟೆ ಆರಿಸುವುದರಿಂದ ಶೇಂಗಾ ಹೋಳಿಗೆಯವರೆಗೆ

ಅಜ್ಜಿಯದೋ ಅಮ್ಮನದೋ ಒಂದು ಹತ್ತಿ ಸೀರೆ ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಇದ್ದೇ ಇರುತ್ತದೆ. ಉಡೋಕೆ ಬಾರದಷ್ಟು ಸವೆದಿದೆ, ಕೊಟ್ಟುಬಿಡಲು ಮನಸ್ಸು ಬರುವುದಿಲ್ಲ, ಸುಮ್ನೆ ಬಿದ್ದಿದೆ. ಅಂಥ ಸೀರೆಗೆ ಕೌದಿಯೇ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆಯೇ ಸರಿಯಾದ ಜಾಗ. ಸೂಜಿ, ದಾರ, ಕತ್ತರಿ, ಒಂದಿಷ್ಟು ನೆಲ ಇದ್ದರೆ ಸಾಕು, ಮಷಿನ್ ಬೇಕಾಗಿಲ್ಲ.

ಹೊಲಿಗೆ, ಕೈಕೆಲಸ, ಒಳ್ಳೆ ಊಟ ಇವು ಮೂರೂ ನನಗೆ ಚಿಕ್ಕಂದಿನಿಂದ ಜೊತೆಜೊತೆಗೇ ಬಂದವು. ಉತ್ತರ ಕರ್ನಾಟಕದ ಮನೆಗಳಲ್ಲಿ ಅವನ್ನು ಬೇರೆ ಮಾಡುವುದೂ ಕಷ್ಟ. ಪಡಸಾಲೆಯಲ್ಲಿ ಕೌದಿ ಹಾಸಿದರೆ ಅತ್ತಿಗೆ, ಚಿಗವ್ವ, ಪಕ್ಕದ ಮನೆಯವರು ಒಂದೊಂದು ಬದಿ ಹಿಡಿದು ಕೂರುತ್ತಾರೆ. ಅಷ್ಟು ಜನ ಕೂತ ಮೇಲೆ ಬಾಯಿಗೆ ಏನಾದರೂ ಬೇಕಲ್ವಾ? ಅದಕ್ಕೇ ಇಲ್ಲಿ ಕೌದಿಯ ಜೊತೆ ಒಂದು ತಿನಿಸನ್ನೂ ಬರೆದಿದ್ದೇನೆ.

ನನ್ನ ಅನುಭವದಲ್ಲಿ ಕೌದಿ ಚೆನ್ನಾಗಿ ಬರುವುದೂ ಕೆಡುವುದೂ ಸೂಜಿ ಹಿಡಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಬಟ್ಟೆ ಆರಿಸುವುದು ಮತ್ತು ಪದರ ಹಾಸುವುದು, ಇವೆರಡು ಸರಿಯಾದರೆ ಹೊಲಿಗೆ ಅಂಕುಡೊಂಕಾದರೂ ಕೌದಿ ಹತ್ತಾರು ವರ್ಷ ಬಾಳುತ್ತದೆ.

ಮೊದಲು ಸಣ್ಣದು ಹೊಲಿಯಿರಿ

ಮೊದಲ ಸಲ ಹೊಲಿಯುವವರು ಮಂಚದ ಅಳತೆಗೆ ಹೋಗಬೇಡಿ. ಕೂಸಿನ ಕೌದಿಯಿಂದ ಶುರು ಮಾಡಿ. ಕಾರಣ ಲೆಕ್ಕದಲ್ಲೇ ಇದೆ. ಹತ್ತಿ ಸೀರೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 45 ಇಂಚಿನ ಆಸುಪಾಸು ಇರುತ್ತದೆ. ಅದರಲ್ಲಿ 36 ಇಂಚು ಉದ್ದ ಕತ್ತರಿಸಿದರೆ ಜೋಡಿಸುವ ಕೆಲಸವೇ ಇಲ್ಲದೆ ಕೂಸಿನ ಕೌದಿಯ ಅಡಿಬಟ್ಟೆ ಸಿಕ್ಕಿತು. ಒಳಗಿನ ಎರಡು ಪದರಕ್ಕೆ ತಲಾ 34 ಇಂಚು. ಎಲ್ಲ ಸೇರಿ 104 ಇಂಚು, ಅಂದರೆ ಐದೂವರೆ ಮೀಟರ್ ಸೀರೆಯಲ್ಲಿ ಅರ್ಧ. ಉಳಿದರ್ಧ ಮೇಲಿನ ತುಂಡುಗಳಿಗೆ ಆಯಿತು.

ಅಂಚು ಮಡಚಿದ ಮೇಲೆ ಕೌದಿ 34 ಇಂಚು ಅಗಲ, 43 ಇಂಚು ಉದ್ದ ಬರುತ್ತದೆ. ಅರ್ಧ ಇಂಚಿಗೊಂದು ಸಾಲು ಹಾಕಿದರೆ ಒಟ್ಟು ಸುಮಾರು 74 ಮೀಟರ್ ಹೊಲಿಗೆ. ದೊಡ್ಡವರಿಗೆ 60 ಇಂಚು ಅಗಲ, 90 ಇಂಚು ಉದ್ದದ್ದು ಬೇಕಾಗುತ್ತದೆ. ಅದರಲ್ಲಿ ಮುಕ್ಕಾಲು ಇಂಚಿಗೊಂದು ಸಾಲು ಹಾಕಿದರೂ 183 ಮೀಟರ್ ಆಗುತ್ತದೆ. ದೊಡ್ಡದಕ್ಕೆ ಪ್ರತಿ ಪದರಕ್ಕೂ ಒಂದೊಂದು ಸೀರೆ ಬೇಕು. ಎರಡು ಉದ್ದ ಕತ್ತರಿಸಿ, ಪಕ್ಕಪಕ್ಕ ಜೋಡಿಸಿ ಹೊಲಿದು, ಹೆಚ್ಚಾದ ಅಗಲವನ್ನು ತೆಗೆಯಬೇಕು. ತೆಗೆದ ಪಟ್ಟಿ ಮೇಲಿನ ತುಂಡುಗಳಿಗೆ ಬರುತ್ತದೆ, ಹಾಳಾಗುವುದಿಲ್ಲ.

ಬಟ್ಟೆ ಆರಿಸುವುದು

ಕೂಸಿನ ಕೌದಿಗೆ ಹತ್ತಿ ಬಿಟ್ಟು ಬೇರೇನೂ ಬೇಡ. ಪಾಲಿಯೆಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ, ಒಗೆದಾಗ ಹತ್ತಿಯಷ್ಟು ಕುಗ್ಗುವುದಿಲ್ಲ, ಹಾಗಾಗಿ ಪಕ್ಕದ ಹತ್ತಿ ತುಂಡನ್ನು ಎಳೆದು ಸುಕ್ಕು ಬೀಳಿಸುತ್ತದೆ. ನೋಡಲು ಹತ್ತಿಯಂತೆಯೇ ಇರುವ ಮಿಶ್ರ ಬಟ್ಟೆ ಜಾಸ್ತಿ. ಅನುಮಾನ ಬಂದರೆ ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಕರಿ ಮಣಿಯಾಗಿ ಉಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ.

ಆಮೇಲೆ ಗಟ್ಟಿತನ ನೋಡಿ. ಬಟ್ಟೆಯನ್ನು ಎರಡೂ ಕೈಯಲ್ಲಿ ಒಂದು ಗೇಣು ಅಂತರದಲ್ಲಿ ಹಿಡಿದು ಜೋರಾಗಿ ಎಳೆಯಿರಿ, ಬೆಳಕಿಗೂ ಹಿಡಿಯಿರಿ. ತಡೆದರೆ ಅಡಿಗೆ ಅಥವಾ ಮೇಲಕ್ಕೆ ಇಡಿ. ಎಳೆ ಸರಿದು ಜಾಳಾದರೆ ಒಳಪದರಕ್ಕೆ ಹಾಕಿ. ಸವೆದ ಬಟ್ಟೆ ಒಳಗೆ ಬಲು ಮೆತ್ತಗೆ ಕೂರುತ್ತದೆ, ಸೂಜಿಯೂ ಸಲೀಸಾಗಿ ಹೋಗುತ್ತದೆ. ಎಳೆದ ಕೂಡಲೇ ಪರಕ್ ಅಂತ ಹರಿದರೆ ಅದನ್ನು ಕೌದಿಗೆ ತರಬೇಡಿ.

ಇಳಕಲ್ ಸೀರೆ ಇದ್ದವರಿಗೆ ಒಂದು ಮಾತು. ಹಳೆ ಇಳಕಲ್ಲಿನ ಮೈ ಹತ್ತಿಯದಾದರೂ ಸೆರಗು ರೇಷ್ಮೆಯದಾಗಿರುತ್ತದೆ. ಎರಡನ್ನೂ ಬೇರೆ ಮಾಡಿ. ಮೈಯನ್ನು ಕೌದಿಯ ಅಡಿಗೆ ಹಾಕಿ, ಸೆರಗನ್ನು ಬೇರೆ ಕೆಲಸಕ್ಕೆ ಎತ್ತಿಡಿ. ಚಿಕ್ಕಿ ದಡಿ, ಗೋಮಿ ದಡಿ ಎಂಬ ಸೀರೆಯಂಚುಗಳನ್ನು ಅಗಲ ಕೆಡದಂತೆ ಉದ್ದುದ್ದ ಕತ್ತರಿಸಿಟ್ಟುಕೊಂಡರೆ ಮೇಲಿನ ಸುತ್ತಂಚಿಗೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ. ಚಂದ್ರಕಾಳಿ ಸೀರೆಯ ಕಪ್ಪು ಮೈ ಮೇಲೆ ಕೆಂಪು ದಾರದ ಹೊಲಿಗೆ ಹಾಕಿದರೆ ಎದ್ದು ಕಾಣುತ್ತದೆ. ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಚೂರುಗಳಿದ್ದರೆ ದೊಡ್ಡವರ ಕೌದಿಗೆ ಇಡಿ. ಅದರಲ್ಲಿ ರೇಷ್ಮೆ ಇರುವುದೂ ಉಂಟು. ಕೂಸಿನ ಕೌದಿಯನ್ನು ಮೇಲಿಂದ ಮೇಲೆ ಒಗೆಯಬೇಕಾಗುತ್ತದೆ, ಅಷ್ಟು ಒಗೆತ ಅದಕ್ಕೆ ತಡೆಯದು.

ಬಣ್ಣದ ಪರೀಕ್ಷೆ ಬಿಡಬೇಡಿ

ಎಲ್ಲ ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಗಂಜಿ ಹಾಕಿದ ಸೀರೆಯಾದರೆ ಗಂಜಿ ಪೂರ್ತಿ ಹೋಗಲಿ, ಇಲ್ಲದಿದ್ದರೆ ಹುಳು ಬರುತ್ತದೆ. ಹೊಸ ಬಟ್ಟೆಯ ಚೂರು ಸೇರಿಸುವುದಾದರೆ ಕುಗ್ಗುವುದೆಲ್ಲ ಈಗಲೇ ಕುಗ್ಗಿಹೋಗಲಿ.

ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮೇಲಿಟ್ಟು ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರು ತಿಳಿಯಾಗುವ ತನಕ ಬೇರೆಯಾಗಿ ಒಗೆಯುತ್ತಲೇ ಇರಬೇಕು. ಉಪ್ಪಿನ ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಅದನ್ನು ನಂಬಿ ಕೂರಬೇಡಿ, ಬಣ್ಣ ಬಿಡುವ ಬಟ್ಟೆ ಉಪ್ಪಿಗೆ ಬಗ್ಗುವುದಿಲ್ಲ. ಎಷ್ಟು ಒಗೆದರೂ ಬಿಡುತ್ತಲೇ ಇದ್ದರೆ ಆ ತುಂಡನ್ನು ಕೈಬಿಡಿ.

ಒಣಗಿದ ಮೇಲೆ ಇಸ್ತ್ರಿ ಮಾಡಿ. ಈ ಕೆಲಸ ಬೇಸರದ್ದು, ಆದರೆ ಇಲ್ಲಿ ಉಳಿಸಿದ ಹೊತ್ತು ಮುಂದೆ ಸುಕ್ಕು ಬಿಡಿಸುವುದರಲ್ಲಿ ದುಪ್ಪಟ್ಟಾಗಿ ಹೋಗುತ್ತದೆ.

ಸೂಜಿ ಮತ್ತು ದಾರ

ಡಬ್ಬಣ ಬೇಡ, ಅದು ಗೋಣಿಚೀಲಕ್ಕೆ. ಉದ್ದವಾದ, ಕಣ್ಣು ಸ್ವಲ್ಪ ದೊಡ್ಡದಿರುವ, ಮೊನೆ ಚೂಪಾದ ಸೂಜಿ ತನ್ನಿ. ದಾರ ಹತ್ತಿಯದೇ ಇರಲಿ. ಅಂಗಡಿಯಲ್ಲಿ ಸಿಗುವ ಆರೆಳೆಯ ಕಸೂತಿ ದಾರದಲ್ಲಿ ಮೂರೆಳೆ ಬಿಡಿಸಿಕೊಂಡರೆ ಕೌದಿಗೆ ಸರಿಹೋಗುತ್ತದೆ. ಪೋಣಿಸುವಾಗ ಒಂದು ಮೊಳ, ಹೆಚ್ಚೆಂದರೆ ಒಂದೂವರೆ ಮೊಳ. ಮತ್ತೆ ಮತ್ತೆ ಪೋಣಿಸುವುದು ತಪ್ಪಲಿ ಅಂತ ಉದ್ದ ದಾರ ತೆಗೆದುಕೊಂಡರೆ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ನೂರು ಸಲ ಎಳೆದಾಡಿ ದಾರವೂ ನವೆಯುತ್ತದೆ. ಜೇನುಮೇಣದ ತುಂಡಿದ್ದರೆ ದಾರವನ್ನು ಅದರ ಮೇಲೆ ಒಮ್ಮೆ ಎಳೆದುಕೊಳ್ಳಿ, ಸಿಕ್ಕು ಬೀಳುವುದು ಕಡಿಮೆಯಾಗುತ್ತದೆ.

ನಡುಬೆರಳಿಗೆ ಲೋಹದ ಟೊಪ್ಪಿಗೆ ಹಾಕಿಕೊಳ್ಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಪದರ ಹಾಸುವುದು

ನೆಲ ಗುಡಿಸಿ, ಒರೆಸಿ, ಒಣಗಿಸಿ. 36 ಇಂಚಿನ ಅಡಿಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ಹಾಸಿ. ನಡುವಿನಿಂದ ನಾಲ್ಕೂ ಕಡೆಗೆ ಅಂಗೈಯಿಂದ ಸವರುತ್ತಾ ಹೋಗಿ. ಸುಕ್ಕು ಹೋಗಬೇಕು, ಆದರೆ ಬಟ್ಟೆಯನ್ನು ಜಗ್ಗಬಾರದು. ಜಗ್ಗಿ ಹಾಸಿದ ಬಟ್ಟೆ ಹೊಲಿದ ಮೇಲೆ ಹಿಂದಕ್ಕೆ ಸರಿದು ಉಬ್ಬು ಎದ್ದಂತೆ ಕಾಣುತ್ತದೆ. ನಾಲ್ಕು ಮೂಲೆಗೂ ಭಾರದ ಪಾತ್ರೆ ಇಡಿ.

ಅದರ ಮೇಲೆ ಒಳಪದರಗಳು. ಇವು ಎಲ್ಲ ಬದಿಗೂ ಅಡಿಬಟ್ಟೆಗಿಂತ ಒಂದಿಂಚು ಒಳಗೆ ಇರಬೇಕು, ಆದ್ದರಿಂದ ಪನ್ನದಲ್ಲಿ 43 ಇಂಚಿಗೆ ಕತ್ತರಿಸಿಕೊಳ್ಳಿ. ಹರಿದ ಬಟ್ಟೆಯಾದರೆ ಎರಡು ಮೂರು ತುಂಡು ಪಕ್ಕಪಕ್ಕ ಇಟ್ಟರೂ ನಡೆಯುತ್ತದೆ. ಒಂದರ ಮೇಲೊಂದು ಏರದಿದ್ದರೆ ಸಾಕು, ಏರಿದ ಜಾಗ ಗಟ್ಟಿಯಾಗಿ ಸೂಜಿ ಮುರಿಯುತ್ತದೆ. ಅಡಿಬಟ್ಟೆಯ ಹೆಚ್ಚುವರಿ ಒಂದಿಂಚನ್ನು ಸುತ್ತಲೂ ಮೇಲಕ್ಕೆ ಮಡಚಿ.

ಈಗ ಕಚ್ಚಾ ಹೊಲಿಗೆ. ಬೇರೆ ಬಣ್ಣದ ದಾರದಲ್ಲಿ, ಮೂರು ಮೂರು ಇಂಚಿನ ಉದ್ದ ಹೊಲಿಗೆಗಳನ್ನು ನಡುವಿನಿಂದ ಹೊರಕ್ಕೆ ಹಾಕುತ್ತಾ ಹೋಗಿ. ಮೊದಲು ಕೂಡಿಸುವ ಚಿಹ್ನೆಯ ಆಕಾರದಲ್ಲಿ, ಆಮೇಲೆ ಮೂಲೆಯಿಂದ ಮೂಲೆಗೆ, ಕೊನೆಗೆ ಅಂಚಿನ ಸುತ್ತ. ಎಲ್ಲಾ ಮುಗಿದ ಮೇಲೆ ಈ ದಾರ ಕಿತ್ತುಹಾಕುವುದೇ. ಕಚ್ಚಾ ಹೊಲಿಗೆ ಹಾಕಿದ ಕೌದಿಯನ್ನು ಮಡಚಿ ಎತ್ತಿಡಬಹುದು, ಬಸ್ಸಿನಲ್ಲೂ ಒಯ್ಯಬಹುದು. ಪದರ ಕದಲುವುದಿಲ್ಲ.

ಮೇಲಿನ ತುಂಡುಗಳು

ತುಂಡುಗಳನ್ನು ಕತ್ತರಿಸುವುದಕ್ಕಿಂತ ಹರಿಯುವುದು ಮೇಲು. ಅಂಚಿನಲ್ಲಿ ಅರ್ಧ ಇಂಚು ಕತ್ತರಿ ಹಾಕಿ ಎರಡೂ ಕೈಯಲ್ಲಿ ಎಳೆದರೆ ಹತ್ತಿ ತನ್ನ ಎಳೆಯ ಗುಂಟವೇ ನೇರವಾಗಿ ಹರಿಯುತ್ತದೆ, ಸ್ಕೇಲ್ ಬೇಕಿಲ್ಲ. ನಾಲ್ಕರಿಂದ ಒಂಬತ್ತು ಇಂಚಿನವರೆಗೆ ಬೇರೆ ಬೇರೆ ಅಳತೆಯ ಚೌಕ, ಪಟ್ಟಿ ಮಾಡಿಟ್ಟುಕೊಳ್ಳಿ. ಅಡ್ಡಡ್ಡ ಕತ್ತರಿಸಿದ ತ್ರಿಕೋನಗಳ ಓರೆ ಅಂಚು ಎಳೆದಷ್ಟೂ ಹಿಗ್ಗುತ್ತದೆ. ಕೈ ಪಳಗಿದ ಮೇಲೆ ಅವನ್ನು ಹಾಕಿದರಾಯಿತು.

ಹಚ್ಚುವುದು ಒಂದು ಮೂಲೆಯಿಂದ. ಮೊದಲ ತುಂಡಿನ ಹೊರ ಅಂಚುಗಳನ್ನು ಅರ್ಧ ಇಂಚು ಒಳಕ್ಕೆ ಮಡಚಿ, ಕೌದಿಯ ಅಂಚಿಗೆ ಸರಿಯಾಗಿ ಕೂರಿಸಿ. ಎರಡನೇ ತುಂಡು ಅದರ ಮೇಲೆ ಒಂದಿಂಚು ಏರಬೇಕು. ಮೇಲೆ ಕಾಣುವ ಅಂಚನ್ನು ಮಾತ್ರ ಮಡಚಿ, ಕೆಳಗೆ ಹೋಗುವ ಅಂಚನ್ನು ಹಾಗೇ ಬಿಡಿ. ಎಲ್ಲ ಬದಿ ಮಡಚಿದರೆ ಒಂದೊಂದು ಕೂಡಿನಲ್ಲೂ ಎರಡು ಮೂರು ಪದರ ಹೆಚ್ಚಾಗುತ್ತವೆ, ಬೆರಳು ನೋಯುವುದು ಅಲ್ಲೇ.

ಬಣ್ಣ ಹೇಗೆ ಜೋಡಿಸಬೇಕೆಂದು ಬಹಳ ಜನ ಕೇಳುತ್ತಾರೆ. ತಿಳಿಬಣ್ಣದ ಪಕ್ಕ ಗಾಢ ಬಣ್ಣ, ಹೂವಿನ ಬಟ್ಟೆಯ ಪಕ್ಕ ಸಾದಾ ಬಟ್ಟೆ, ಇಷ್ಟು ನೆನಪಿಟ್ಟುಕೊಂಡು ಉಳಿದದ್ದನ್ನು ಕಣ್ಣಿಗೆ ಬಿಡಿ. ಯಾರ ಸೀರೆ, ಯಾರ ಅಂಗಿ, ಯಾವ ಕೂಸಿನ ಕುಲಾವಿ ಎಂದು ಗುರುತು ಸಿಗುವ ತುಂಡುಗಳನ್ನು ನಡುವಿಗೆ ಇಡಿ. ಕೌದಿ ಬಿಚ್ಚಿದವರ ಬೆರಳು ಮೊದಲು ಹೋಗುವುದು ಅವುಗಳ ಮೇಲೇ. "ಇದು ಅವ್ವನ ಸೀರಿ ಅಲ್ಲೇನ?" ಎಂದು ಅಕ್ಕತಂಗಿಯರು ಕೇಳಿಕೊಳ್ಳುವುದು ನನಗೆ ಅಂಗಡಿಯ ಯಾವ ರಜಾಯಿಯಲ್ಲೂ ಸಿಗದ ಸುಖ.

ಕಸೂತಿ ಬರುವವರು ಒಂದು ತುಂಡಿನಲ್ಲಿ ಸಣ್ಣ ಗೋಪುರವನ್ನೋ ತುಳಸಿಕಟ್ಟೆಯನ್ನೋ ತೆಗೆದು ನಡುವೆ ಹಚ್ಚಬಹುದು. ಎಳೆ ಎಣಿಸಿ ಹಾಕುವ ಗವಂತಿ, ಮುರಗಿ ಹೊಲಿಗೆಗಳನ್ನು ಪದರದ ಮೇಲೆ ಹಾಕಲಾಗುವುದಿಲ್ಲ. ಬಿಡಿ ತುಂಡಿನಲ್ಲೇ ಕಸೂತಿ ಮುಗಿಸಿ ಆಮೇಲೆ ಕೂರಿಸಿ.

ಹೊಲಿಗೆ

ಓಡು ಹೊಲಿಗೆ ಒಂದೇ. ಕಲಿಯಲು ಐದು ನಿಮಿಷ ಸಾಕು, ಕೈಗೆ ಲಯ ಹತ್ತಲು ಒಂದೆರಡು ಸುತ್ತು ಬೇಕು.

ದಾರದ ತುದಿಗೆ ಗಂಟು ಹಾಕಿ. ಹೊಲಿಗೆ ಶುರುವಾಗುವ ಜಾಗದಿಂದ ಒಂದಿಂಚು ಆಚೆ ಮೇಲಿನ ಪದರಕ್ಕೆ ಮಾತ್ರ ಸೂಜಿ ಚುಚ್ಚಿ, ಶುರುವಿನ ಜಾಗದಲ್ಲಿ ಹೊರತೆಗೆದು ಮೆಲ್ಲಗೆ ಜಗ್ಗಿ. ಟಕ್ ಅಂತ ಗಂಟು ಒಳಗೆ ಸೇರಿಕೊಳ್ಳುತ್ತದೆ. ಮೇಲೂ ಕಾಣುವುದಿಲ್ಲ, ಕೂಸಿನ ಮೈಗೂ ಚುಚ್ಚುವುದಿಲ್ಲ.

ಬಲಗೈ ಮೇಲೆ, ಎಡಗೈ ಕೌದಿಯ ಅಡಿಯಲ್ಲಿ. ಎಡಗೈಯ ತೋರುಬೆರಳಿಗೆ ಸೂಜಿಯ ಮೊನೆ ಸೋಕಿದಾಗ ಎಲ್ಲ ಪದರ ದಾಟಿದೆ ಎಂದು ತಿಳಿಯುತ್ತದೆ. ಸೋಕಿದ ಕೂಡಲೇ ಆ ಬೆರಳಿನಿಂದಲೇ ಬಟ್ಟೆಯನ್ನು ತುಸು ಮೇಲಕ್ಕೆ ಒತ್ತಿ, ಸೂಜಿಯನ್ನು ಮಲಗಿಸಿ ಮೇಲೆ ತನ್ನಿ. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೇ ಕೂಡಿಸಿಕೊಂಡು, ನಡುಬೆರಳ ಟೊಪ್ಪಿಗೆಯಿಂದ ತಳ್ಳಿ, ದಾರ ಎಳೆಯಿರಿ. ಇಂಚಿಗೆ ನಾಲ್ಕು ಹೊಲಿಗೆ ಬಂದರೆ ಒಳ್ಳೆಯದು, ಮೂರು ಬಂದರೂ ಕೌದಿಗೆ ಏನೂ ಆಗುವುದಿಲ್ಲ. ಅಳತೆಗಿಂತ ಒಂದೇ ಸಮ ಇರುವುದು ಮುಖ್ಯ.

ದಾರ ಎಷ್ಟು ಎಳೆಯಬೇಕು? ಬಟ್ಟೆಯಲ್ಲಿ ಸಣ್ಣ ಅಲೆ ಏಳಬೇಕು, ನೆರಿಗೆ ಬೀಳಬಾರದು. ಎಳೆದ ಮೇಲೆ ಆ ಸಾಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಬಿಗಿ ಸಡಿಲವಾಗುತ್ತದೆ. ಪ್ರತಿ ಸಾಲಿಗೂ ಇದನ್ನು ಮಾಡಿ.

ಸಾಲು ಹೋಗುವ ದಾರಿ ಹೊರಗಿನಿಂದ ಒಳಕ್ಕೆ. ಅಂಚಿನ ಸುತ್ತ ಒಂದು ಸುತ್ತು ಮುಗಿಸಿ, ಅರ್ಧ ಇಂಚು ಒಳಗೆ ಸರಿದು ಇನ್ನೊಂದು ಸುತ್ತು, ಹೀಗೇ ನಡುವಿನ ತನಕ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವುದು ಹೀಗೇ. ಅವರು ತುಂಡು ಹಚ್ಚುವುದು, ಹೊಲಿಯುವುದು ಎರಡನ್ನೂ ಒಟ್ಟೊಟ್ಟಿಗೇ ಮಾಡುತ್ತಾ ಒಳಕ್ಕೆ ಬರುತ್ತಾರೆ. ಅದಕ್ಕೆ ಕೈ ಪಳಗಿರಬೇಕು. ಹೊಸಬರು ಎಲ್ಲ ತುಂಡುಗಳನ್ನೂ ಗುಂಡುಪಿನ್ನಿನಲ್ಲಿ ಕೂರಿಸಿಕೊಂಡು ಹೊಲಿಯುವುದು ಲೇಸು. ಎದ್ದೇಳುವ ಮುಂಚೆ ಪಿನ್ನುಗಳನ್ನು ಎಣಿಸಿ. ಕೂಸಿನ ಕೌದಿಯಲ್ಲಿ ಒಂದು ಪಿನ್ನು ಉಳಿದರೂ ಅನಾಹುತ.

ಇದನ್ನೇ ಮಷಿನ್ನಿನಲ್ಲಿ ಒಂದೇ ದಿನದಲ್ಲಿ ಮುಗಿಸಬಹುದಲ್ವಾ ಎನ್ನುತ್ತೀರೇನೋ. ಮುಗಿಸಬಹುದು. ಆದರೆ ಮಷಿನ್ ಮೇಲಿನ ದಾರ, ಕೆಳಗಿನ ದಾರ ಎರಡನ್ನೂ ಬಿಗಿಯಾಗಿ ಕಟ್ಟುತ್ತದೆ, ಸಾಲುಗಳು ಒತ್ತಾದಷ್ಟೂ ಬಟ್ಟೆ ಸೆಟೆದು ನಿಲ್ಲುತ್ತದೆ. ಕೈಹೊಲಿಗೆಯ ದಾರಕ್ಕೆ ಸರಿದಾಡಲು ಜಾಗ ಇರುತ್ತದೆ. ಹೊದ್ದಾಗ ಮೈಗೆ ಬಾಗಿ ಕೂರುವ ಗುಣ ಕೌದಿಗೆ ಬರುವುದು ಅದರಿಂದಲೇ. ಅಡಿಬಟ್ಟೆಯ ಉದ್ದ ಕೂಡುಗಳನ್ನು ಮಷಿನ್ನಿಗೆ ಕೊಡಿ, ಮೇಲಿನ ಹೊಲಿಗೆಯನ್ನು ಕೈಯಲ್ಲೇ ಹಾಕಿ.

ಮೂಲೆಗಳು

ನಾಲ್ಕು ಮೂಲೆ ಸುಮ್ನೆ ಬಿಡುವ ಪದ್ಧತಿ ಸಿದ್ದಿಗಳಲ್ಲಿ ಇಲ್ಲ. ಬಟ್ಟೆಯ ಚೌಕಗಳನ್ನು ತ್ರಿಕೋನವಾಗಿ ಮಡಚಿ ಮೂಲೆಗೆ ಸಿಕ್ಕಿಸಿ ಹೊಲಿಯುತ್ತಾರೆ, ಅದನ್ನು ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಬತ್ತಲೆ ಎಂಬುದು ಅವರ ಮಾತು. ಮಾಡುವುದು ಸುಲಭ. ನಾಲ್ಕಿಂಚಿನ ಚೌಕವನ್ನು ಓರೆಯಾಗಿ ಒಮ್ಮೆ, ಮತ್ತೊಮ್ಮೆ ಮಡಚಿ. ಬಿಚ್ಚುಬದಿಯನ್ನು ಅಂಚಿನ ಮಡಿಕೆಯೊಳಗೆ ತೂರಿಸಿ, ಮೊನೆ ಹೊರಗೆ ಚಾಚುವಂತೆ ಇಟ್ಟು, ಎರಡು ಸಾಲು ಗಟ್ಟಿ ಹೊಲಿಗೆ ಹಾಕಿ. ಅಂಚಿನ ಮೊದಲ ಸುತ್ತು ಮುಗಿಸುವ ಮುನ್ನವೇ ಇದನ್ನು ಇಟ್ಟುಬಿಡಬೇಕು. ಕೂಸಿನ ಕೌದಿಗೆ ಗುಂಡಿ, ಕನ್ನಡಿ, ಮಣಿ ಯಾವುದೂ ಬೇಡ. ಇಂಥ ಮೆತ್ತನೆ ಮೂಲೆ ಸಾಕು.

ಕೆಲವರು ಹೊಲಿಯುವಾಗ ನಾಲ್ಕು ಕಾಳು ಅಕ್ಕಿಯನ್ನು ಒಳಗೆ ಹಾಕಿ ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬಿರಬೇಕು, ಹೊದೆಯುವವರ ಹೊಟ್ಟೆಯೂ ತುಂಬಿರಬೇಕು ಎಂಬ ಆಸೆ ಅದು. ನೀವು ಹಾಕಿದರೂ ಸರಿ, ಬಿಟ್ಟರೂ ಸರಿ. ಹೊಲಿದವರ ಹೊಟ್ಟೆಯಂತೂ ಖಾಲಿ ಇರಬಾರದು.

ಕೌದಿ ಮುಗಿಯುವ ದಿನಕ್ಕೆ ಶೇಂಗಾ ಹೋಳಿಗೆ

ಹುಬ್ಬಳ್ಳಿ-ಧಾರವಾಡದ ಕಡೆ ಹರಟೆಗೆ ಗಿರಮಿಟ್ಟು, ಮಿರ್ಚಿ ಭಜಿ ಬೇಕೇ ಬೇಕು. ಆದರೆ ಗಿರಮಿಟ್ಟಿನ ಅರಿಶಿನ ಬೆರಳಿಗೆ ಹತ್ತಿದರೆ ಕೌದಿಗೂ ಹತ್ತುತ್ತದೆ, ಭಜಿಯ ಎಣ್ಣೆ ಕೇಳುವುದೇ ಬೇಡ. ಹೊಲಿಗೆಯ ಪಕ್ಕ ಇಡಲು ಶೇಂಗಾ ಹೋಳಿಗೆಯೇ ಸರಿ. ಒಣಗಿರುತ್ತದೆ, ಹಿಂದಿನ ದಿನವೇ ಮಾಡಿಡಬಹುದು, ಒಂದು ತಿಂದರೆ ಸಂಜೆವರೆಗೆ ಹಸಿವಾಗುವುದಿಲ್ಲ.

12ರಿಂದ 14 ಹೋಳಿಗೆಗೆ ಎರಡು ಬಟ್ಟಲು ಶೇಂಗಾ, ಒಂದೂವರೆ ಬಟ್ಟಲು ಹೆರೆದ ಬೆಲ್ಲ, ಎರಡು ಚಮಚ ಎಳ್ಳು, ನಾಲ್ಕು ಏಲಕ್ಕಿ ತೆಗೆದುಕೊಳ್ಳಿ. ಕಣಕಕ್ಕೆ ಒಂದು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ಚಮಚ ಎಣ್ಣೆ. ಕಣಕವನ್ನು ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ ನಾದಿ, ಅರ್ಧ ಗಂಟೆ ಮುಚ್ಚಿಡಿ.

ಶೇಂಗಾ ಹುರಿಯುವುದರಲ್ಲೇ ಹೋಳಿಗೆಯ ರುಚಿ ಇದೆ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ಹುರಿಯಿರಿ. ಚಟಚಟ ಸದ್ದು ಬಂದು, ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಕಾಣಬೇಕು. ಒಂದು ಕಾಳು ಮುರಿದು ನೋಡಿ, ಒಳಗೂ ತಿಳಿ ಹೊಂಬಣ್ಣ ಬಂದಿರಬೇಕು. ದೊಡ್ಡ ಉರಿಯಲ್ಲಿ ಮೇಲೆ ಕರಿಯಾಗಿ ಒಳಗೆ ಹಸಿಯಾಗೇ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ತಿಕ್ಕಿ ಸಿಪ್ಪೆ ತೆಗೆಯಿರಿ. ಎಳ್ಳನ್ನು ಬೇರೆಯಾಗಿ ಹುರಿದುಕೊಳ್ಳಿ.

ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಲ್ಲ, ಎಳ್ಳು, ಏಲಕ್ಕಿ ಸೇರಿಸಿ ಮತ್ತೊಂದು ಸಲ ತಿರುಗಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಉದುರಿದರೆ ಒಂದೆರಡು ಚಮಚ ಬಿಸಿನೀರು ಚಿಮುಕಿಸಿ, ಜಾಸ್ತಿ ಬೇಡ, ಬೆಲ್ಲ ಕರಗಿ ಹೂರಣ ಸಡಿಲಾಗುತ್ತದೆ.

ನಿಂಬೆಹಣ್ಣಿನಷ್ಟು ಕಣಕ, ಅದಕ್ಕಿಂತ ಸ್ವಲ್ಪ ದೊಡ್ಡ ಹೂರಣದ ಉಂಡೆ. ಕಣಕವನ್ನು ಬಟ್ಟಲಾಗಿ ಮಾಡಿ, ಹೂರಣ ತುಂಬಿ, ಬಾಯಿ ಮುಚ್ಚಿ, ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ ತೆಳ್ಳಗೆ ಲಟ್ಟಿಸಿ. ಅಂಚಿನವರೆಗೂ ಹೂರಣ ಬರಬೇಕು, ನಡುವೆ ಒತ್ತದೆ ಅಂಚಿನ ಕಡೆಗೆ ಲಟ್ಟಣಿಗೆ ಆಡಿಸಿ. ಮಧ್ಯಮ ಉರಿಯ ಹಂಚಿನಲ್ಲಿ ಎಣ್ಣೆ ಹಾಕದೆ ಎರಡೂ ಬದಿ ಬೇಯಿಸಿ. ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಬೇಡಿ, ಬೆವರಿ ಮೆತ್ತಗಾಗುತ್ತವೆ. ಪೂರ್ತಿ ಆರಿದ ಮೇಲೆ ಕಾಗದ ಹಾಸಿದ ಡಬ್ಬಿಗೆ ತುಂಬಿದರೆ ಒಂದು ವಾರ ಏನೂ ಆಗುವುದಿಲ್ಲ. ತುಪ್ಪ ಹಾಕಿಕೊಳ್ಳುವುದು ಸೂಜಿ ಕೆಳಗಿಟ್ಟ ಮೇಲೆ, ಎಷ್ಟು ಬೇಕಾದರೂ.

ಬಳಕೆ, ಒಗೆತ, ತೇಪೆ

ಕೊನೆಯ ಸಾಲು ಮುಗಿದ ಮೇಲೆ ಕಚ್ಚಾ ದಾರ ಕಿತ್ತು, ಕೌದಿಯ ಪೂರ್ತಿ ಮೈಯನ್ನು ಅಂಗೈಯಿಂದ ಒತ್ತಿ ನೋಡಿ, ಸೂಜಿ ಪಿನ್ನು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹಸುಗೂಸಿಗೆ ಕೌದಿಯನ್ನು ಹೊದಿಸಬೇಡಿ. ಎಚ್ಚರವಿರುವಾಗ ಆಡಿಸಲು ನೆಲದ ಮೇಲೆ ಬಿಗಿಯಾಗಿ ಹಾಸಿ. ವರ್ಷ ದಾಟಿದ ಮೇಲೆ ಹೊದೆಸಿದರಾಯಿತು.

ಮೊದಲ ಒಗೆತ ತಣ್ಣೀರಲ್ಲಿ, ಬೇರೆ ಬಟ್ಟೆಯ ಜೊತೆ ಹಾಕದೆ. ನೀರು ಕುಡಿದ ದೊಡ್ಡ ಕೌದಿ ಒಬ್ಬರ ಕೈಗೆ ಬಗ್ಗದಷ್ಟು ತೂಕವಾಗುತ್ತದೆ. ತಿರುಚಿ ಹಿಂಡಿದರೆ ಹೊಲಿಗೆ ಕಿತ್ತು ಬರುತ್ತದೆ. ಕಲ್ಲಿನ ಮೇಲೆ ಮಡಚಿಟ್ಟು, ಒತ್ತಿ ನೀರು ಇಳಿಸಿ, ಇಬ್ಬರು ಹಿಡಿದು ಎರಡು ಹಗ್ಗದ ಮೇಲೆ ಹರಡಿ. ಮೇಲ್ಮೈ ಬಣ್ಣ ಬಿಸಿಲಿಗೆ ಮಾಸದಂತೆ ಅಡಿಬದಿ ಮೇಲಿರಲಿ. ಎತ್ತಿಡುವಾಗ ಒಣಗಿದ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಮಡಿಕೆಯೊಳಗೆ ಇಡಿ.

ಮೇಲಿನ ಒಂದು ತುಂಡು ಹರಿದರೆ ಬಿಚ್ಚಲು ಹೋಗಬೇಡಿ. ಅದರ ಮೇಲೆಯೇ, ಸುತ್ತಲೂ ಒಂದಿಂಚು ದೊಡ್ಡದಾದ ಹೊಸ ತುಂಡು ಹಚ್ಚಿ, ಹಳೆ ಸಾಲುಗಳ ಗುಂಟವೇ ಹೊಲಿಯಿರಿ. ಇಡೀ ಮೇಲ್ಮೈಯೇ ಸವೆದಾಗ ಆ ಕೌದಿಯನ್ನು ಹಾಗೇ ಇನ್ನೊಂದರ ಒಳಪದರ ಮಾಡಿ, ಮೇಲೆ ಕೆಳಗೆ ಒಂದೊಂದು ಸೀರೆ ಹಾಕಿ. ಆಗ ಮಾತ್ರ ಸಾಲುಗಳ ಅಂತರ ಒಂದೂವರೆ ಇಂಚು ಇಟ್ಟುಕೊಳ್ಳಿ, ಅಷ್ಟು ದಪ್ಪದಲ್ಲಿ ಅದಕ್ಕಿಂತ ಒತ್ತಾಗಿ ಸೂಜಿ ಆಡುವುದಿಲ್ಲ.